ತಳ್ಳಬೇಕಾಗಿ ಬಂದರೆ ನಿಲ್ಲಿಸಿ: ಪವರ್ ಟೂಲ್ ಬಳಸುವ, ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಡ್ರಿಲ್ ಇರಲಿ, ಗ್ರೈಂಡರ್ ಇರಲಿ, ಮರ ಕೊಯ್ಯುವ ಸರ್ಕ್ಯುಲರ್ ಸಾ ಇರಲಿ, ಕೆಲಸ ಮಾಡಬೇಕಾದ್ದು ಮಷೀನು. ಅದನ್ನು ಸರಿಯಾದ ದಾರಿಯಲ್ಲಿ ಹಿಡಿದುಕೊಂಡು ಹೋಗುವುದಷ್ಟೇ ನಮ್ಮ ಪಾಲಿನದು. ಮೈಭಾರ ಹಾಕಿ ತಳ್ಳಬೇಕಾಗಿ ಬಂತು ಅಂದರೆ ಎಲ್ಲೋ ಏನೋ ಸರಿಯಿಲ್ಲ. ಬಿಟ್ ಮೊಂಡಾಗಿರಬಹುದು. ಡಿಸ್ಕ್ ಆ ಕೆಲಸದ್ದಲ್ಲದೇ ಇರಬಹುದು. ಎಕ್ಸ್‌ಟೆನ್ಷನ್ ವೈರು ತೆಳುವಾಗಿದ್ದು ಮೋಟಾರು ಒದ್ದಾಡುತ್ತಿರಬಹುದು. ಹಾಗೆ ಜೋರಾಗಿ ತಳ್ಳುತ್ತಿರುವ ಕೈ ಜಾರಿದರೆ ಎಲ್ಲಿಗೆ ಹೋಗುತ್ತದೆ? ಬ್ಲೇಡಿನ ಕಡೆಗೇ ಅಲ್ವಾ?

ಹಾಗಾಗಿ ಮೇಂಟೆನೆನ್ಸ್ ಅಂದರೆ ಬರೀ ಟೂಲ್ ಜಾಸ್ತಿ ದಿನ ಬಾಳಲಿ ಅಂತ ಮಾಡುವ ಕೆಲಸ ಅಲ್ಲ. ಬೆರಳು ಉಳಿಯುವುದೂ ಅದರಿಂದಲೇ. ಮುಂದೆ ಓದುವಾಗ ಇದೊಂದನ್ನು ನೆನಪಲ್ಲಿ ಇಟ್ಟುಕೊಳ್ಳಿ.

ಮೊದಲು ಮಷೀನಿನ ಮೈಮೇಲೆ ಬರೆದದ್ದನ್ನು ಓದಿ

ಪ್ರತಿ ಟೂಲಿನ ಮೇಲೂ ಒಂದು ಸಣ್ಣ ಪ್ಲೇಟ್ ಅಥವಾ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ನಾಲ್ಕು ವಿಷಯ ನೋಡಿ: ವೋಲ್ಟೇಜು, ವ್ಯಾಟ್, ಲೋಡ್ ಇಲ್ಲದಾಗಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಹಾಕಬಹುದಾದ ಡಿಸ್ಕ್ ಅಥವಾ ಬಿಟ್‌ನ ಗರಿಷ್ಠ ಅಳತೆ. ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಅನ್ನುವುದು ಗೊತ್ತಾಗುತ್ತದೆ. 230 ವೋಲ್ಟ್‌ನಲ್ಲಿ 2,000 ವ್ಯಾಟ್‌ನ ಮಷೀನು ಸುಮಾರು 8.7 ಆಂಪ್ ಎಳೆಯುತ್ತದೆ. 6 ಆಂಪ್‌ನ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಪ್ಲಗ್ ಬಿಸಿಯಾಗಿ ಕಪ್ಪಗಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅದೇ ಪ್ಲೇಟಿನಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್ ಇರುವ ಟೂಲ್. ಅಂಥದ್ದಕ್ಕೆ ಅರ್ಥ್ ಪಿನ್ ಬೇಕಾಗಿಲ್ಲ. ಎರಡೇ ಪಿನ್ ಇದೆ ಅಂತ ಗಾಬರಿ ಬೀಳಬೇಡಿ. ಆ ಗುರುತಿಲ್ಲದೆ ಮೂರು ಪಿನ್ನಿನ ಪ್ಲಗ್ ಇದ್ದರೆ ಮಾತ್ರ ಅರ್ಥಿಂಗ್ ಇರಲೇಬೇಕು. ಅದರ ಮೂರನೇ ಪಿನ್ ಮುರಿದೋ, ವೈರನ್ನೇ ಕಡ್ಡಿ ಚುಚ್ಚಿ ಸಿಕ್ಕಿಸಿಯೋ ಕೆಲಸ ಮಾಡುವವರನ್ನು ನೋಡಿರುತ್ತೀರಿ. ಕಬ್ಬಿಣದ ಮೈಯ ಹಳೆ ಮಷೀನಿನಲ್ಲಿ ಒಳಗೊಂದು ವೈರು ಸುಲಿದರೆ, ಆಗ ಇಡೀ ಮಷೀನೇ ಕರೆಂಟು ಹಿಡಿಯುತ್ತದೆ.

ಟ್ರಿಗರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿಯುವ ಎಲೆಕ್ಟ್ರಿಕ್ ಡ್ರಿಲ್ಲನ್ನು ಜರ್ಮನಿಯ ಫೈನ್ ಕಂಪನಿ 1895ರಲ್ಲೇ ಮಾಡಿತ್ತು. ಆದರೆ ಪಿಸ್ತೂಲಿನಂಥ ಹಿಡಿ ಮತ್ತು ಟ್ರಿಗರ್ ಸ್ವಿಚ್ ಇರುವ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ಬೆರಳು ಬಿಟ್ಟ ಕೂಡಲೇ ಮಷೀನು ನಿಲ್ಲಬೇಕು, ಟ್ರಿಗರಿನ ದೊಡ್ಡ ಉಪಕಾರ ಅದೇ. ಕೈ ನೋಯುತ್ತದೆ ಅಂತ ಟ್ರಿಗರಿಗೆ ಟೇಪ್ ಸುತ್ತುವವರು ಅದನ್ನೇ ಕಳೆದುಕೊಳ್ಳುತ್ತಾರೆ. ಟ್ರಿಗರನ್ನು ಒತ್ತಿದ ಹಾಗೇ ನಿಲ್ಲಿಸುವ ಲಾಕ್ ಬಟನ್ ಒತ್ತಿ ಬಿಟ್ಟರೂ ಅಪಾಯ ಇದೆ. ಕರೆಂಟು ಹೋಯಿತು, ಮಷೀನನ್ನು ಹಾಗೇ ಕೆಳಗಿಟ್ಟು ಚಾ ಕುಡಿಯಲು ಹೋದಿರಿ ಅಂದುಕೊಳ್ಳಿ. ಕರೆಂಟು ಬಂದಾಗ ಅದು ತಾನಾಗಿಯೇ ನೆಲದ ಮೇಲೆ ಕುಣಿಯಲು ಶುರು ಮಾಡುತ್ತದೆ. ಕರೆಂಟು ಹೋದರೆ ಮೊದಲು ಲಾಕ್ ಬಿಡಿಸಿ, ಆಮೇಲೆ ಪ್ಲಗ್ ತೆಗೆಯಿರಿ.

ಕರೆಂಟು ಮತ್ತು ಎಕ್ಸ್‌ಟೆನ್ಷನ್ ವೈರು

ಟೂಲ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವವರೂ ಎಕ್ಸ್‌ಟೆನ್ಷನ್ ವೈರನ್ನು ಮಾತ್ರ ಕೈಗೆ ಸಿಕ್ಕಿದ್ದನ್ನೇ ಬಳಸುತ್ತಾರೆ. ಇದರ ಲೆಕ್ಕ ಒಮ್ಮೆ ನೋಡಿ. 0.75 ಚದರ ಮಿ.ಮೀ. ದಪ್ಪದ ತಾಮ್ರದ ವೈರು, 30 ಮೀಟರ್ ಉದ್ದ, ಅದರಲ್ಲಿ 2,000 ವ್ಯಾಟ್‌ನ ಗ್ರೈಂಡರ್. ವೈರಿನಲ್ಲೇ ಸುಮಾರು 13 ವೋಲ್ಟ್ ಕಳೆದುಹೋಗುತ್ತದೆ. ಅಂದರೆ 100 ವ್ಯಾಟ್‌ಗೂ ಜಾಸ್ತಿ ಶಾಖ ಆ ವೈರಿನಲ್ಲೇ ಹುಟ್ಟುತ್ತಿದೆ. ವೈರು ನೆಲದ ಮೇಲೆ ಹರಡಿಕೊಂಡಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಡ್ರಮ್ಮಿಗೆ ಸುತ್ತಿಕೊಂಡೇ ಇದ್ದರೆ ಒಳಗೇ ಕೂತು ಇನ್ಸುಲೇಷನ್ನನ್ನು ಕರಗಿಸುತ್ತದೆ.

ಆದ್ದರಿಂದ ಎರಡು ನಿಯಮ. ಡ್ರಮ್ಮಿನ ವೈರನ್ನು ಬೇಕಾದದ್ದು 5 ಮೀಟರ್ ಆದರೂ ಪೂರ್ತಿ ಬಿಚ್ಚಿಯೇ ಬಳಸಿ. ದೊಡ್ಡ ಟೂಲಿಗೆ 15 ಮೀಟರ್ ತನಕ 1.5 ಚದರ ಮಿ.ಮೀ., ಅದಕ್ಕಿಂತ ಉದ್ದ ಬೇಕಾದರೆ 2.5 ಚದರ ಮಿ.ಮೀ. ವೈರು ಇರಲಿ. ಒಂದು ಎಕ್ಸ್‌ಟೆನ್ಷನ್ನಿಗೆ ಇನ್ನೊಂದನ್ನು ಪೋಣಿಸುತ್ತಾ ಹೋಗಬೇಡಿ.

ಇನ್ನು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್. ಫ್ಯೂಸಿನ ಕೆಲಸ ಮಾಡುವ ಸಾಮಾನ್ಯ ಎಂಸಿಬಿ ನಿಮ್ಮನ್ನು ಕಾಪಾಡುವುದಿಲ್ಲ. ಅದು ವೈರನ್ನು ಕಾಪಾಡುತ್ತದೆ ಅಷ್ಟೇ. 16 ಆಂಪ್‌ನ ಎಂಸಿಬಿ 16 ಆಂಪ್ ದಾಟುವ ತನಕ ಸುಮ್ನೆ ಇರುತ್ತದೆ, ಮನುಷ್ಯನ ಎದೆಗೆ ಅದರ ಒಂದು ಸಣ್ಣ ಪಾಲು ಕರೆಂಟು ಸಾಕು. 30 ಮಿಲಿಆಂಪ್‌ನ ಆರ್‌ಸಿಸಿಬಿ ಹೋದ ಕರೆಂಟು ಮತ್ತು ವಾಪಸ್ ಬಂದ ಕರೆಂಟು ಸಮ ಇದೆಯಾ ಅಂತ ನೋಡುತ್ತಿರುತ್ತದೆ. ವ್ಯತ್ಯಾಸ ಬಂದ ತಕ್ಷಣ ಕಡಿಯುತ್ತದೆ. ಹೊರಗಡೆ, ಒದ್ದೆ ಜಾಗದಲ್ಲಿ ಕೆಲಸ ಇದ್ದರೆ ಇದು ಇರಲೇಬೇಕು. ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅದನ್ನು ನಂಬಿ ಕೆಲಸ ಶುರು ಮಾಡಬೇಡಿ. ಆರ್‌ಸಿಸಿಬಿ ಇದೆ ಅಂತ ಮಳೆಯಲ್ಲಿ ನಿಂತು ಡ್ರಿಲ್ ಹಿಡಿಯುವುದೂ ಬೇಡ.

ಮೈಮೇಲೆ ಏನಿರಬೇಕು, ಏನಿರಬಾರದು

ಕಣ್ಣು ಮೊದಲು. ದೃಷ್ಟಿಗೆ ಹಾಕುವ ಕನ್ನಡಕ ಸೇಫ್ಟಿ ಗ್ಲಾಸ್ ಅಲ್ಲ. ಅದಕ್ಕೆ ಪಕ್ಕದ ಮರೆ ಇಲ್ಲ, ಏಟು ಬಿದ್ದರೆ ಅದೇ ಚೂರಾಗಬಹುದು. ಅದರ ಮೇಲೆ ಹಾಕುವ ಗಾಗಲ್ಸ್ ಸಿಗುತ್ತವೆ. ಗ್ರೈಂಡರ್ ಹಿಡಿದಾಗ ಗಾಗಲ್ಸ್ ಮೇಲೆ ಫೇಸ್ ಶೀಲ್ಡ್ ಕೂಡ ಹಾಕಿ. ಬರೀ ಶೀಲ್ಡ್ ಸಾಲದು, ಕಿಡಿ ಅದರ ಕೆಳಗಿನಿಂದ ನುಗ್ಗುತ್ತದೆ.

ಕಿವಿಯ ನಷ್ಟ ಗೊತ್ತೇ ಆಗುವುದಿಲ್ಲ, ಅದೇ ಅದರ ಕೆಟ್ಟತನ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಬಹಳ ಕಡೆ ಒಪ್ಪಿರುವ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ ಆಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಬರೀ 15 ನಿಮಿಷ. ಗ್ರೈಂಡರ್ ಕಬ್ಬಿಣ ಕೊಯ್ಯುವಾಗ 100ರ ಹತ್ತಿರ ಹೋಗುವುದು ದೊಡ್ಡ ವಿಷಯವಲ್ಲ. "ಎರಡೇ ನಿಮಿಷದ ಕೆಲಸ" ಅಂತ ಬಿಡಬೇಡಿ. ಹತ್ತಿ ತುರುಕಿಕೊಂಡರೆ ಏನೂ ಪ್ರಯೋಜನ ಇಲ್ಲ, ಇಯರ್ ಪ್ಲಗ್ ಅಥವಾ ಇಯರ್ ಮಫ್ ಬೇಕು.

ಧೂಳಿನಲ್ಲಿ ಎರಡು ಜಾತಿ ತುಂಬಾ ಕೆಟ್ಟವು. ಕಾಂಕ್ರೀಟ್, ಗ್ರಾನೈಟ್, ಟೈಲ್ಸ್ ಕೊಯ್ಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಅದಕ್ಕೆ ವಾಸಿಯಾಗುವ ಔಷಧಿ ಇಲ್ಲ. ಮರದ ಧೂಳು ಪರವಾಗಿಲ್ಲ ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಮಾಡಿದ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿನಲ್ಲಿ ಸಿಲಿಕಾ ಧೂಳೂ ಇದೆ, ಮರದ ಧೂಳೂ ಇದೆ. ಬಟ್ಟೆ ಕಟ್ಟಿಕೊಂಡರೆ ದಪ್ಪ ಕಣ ನಿಲ್ಲುತ್ತದೆ, ಅಪಾಯದ ಸಣ್ಣ ಕಣ ಒಳಗೆ ಹೋಗುತ್ತದೆ. ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್ ಮುಖಕ್ಕೆ ಅಂಟಿಕೊಂಡು ಕೂರಬೇಕು. ಕಲ್ಲು ಕೊಯ್ಯುವಾಗ ನೀರು ಬಿಡುವ ವ್ಯವಸ್ಥೆ ಇರುವ ಟೂಲ್ ಇದ್ದರೆ ಇನ್ನೂ ಒಳ್ಳೆಯದು, ಧೂಳು ಏಳುವುದೇ ಕಡಿಮೆ.

ಕೈಗವಸಿನ ವಿಷಯದಲ್ಲಿ ಜನ ಎಡವುತ್ತಾರೆ. ಗ್ರೈಂಡರಿಗೆ ಕೈಗೆ ಬಿಗಿಯಾಗಿ ಕೂರುವ ಚರ್ಮದ ಗವಸು ಸರಿ. ಆದರೆ ಸ್ಟ್ಯಾಂಡಿನ ಡ್ರಿಲ್, ಟೇಬಲ್ ಸಾ ಇಂಥವಕ್ಕೆ ಗವಸು ಬೇಡವೇ ಬೇಡ. ತಿರುಗುವ ಬಿಟ್ಟಿಗೆ ಬಟ್ಟೆಯ ಒಂದು ಎಳೆ ಸಿಕ್ಕಿದರೆ ಸಾಕು, ಅದು ಗವಸನ್ನು ಸುತ್ತಿಕೊಳ್ಳುತ್ತದೆ, ಗವಸಿನ ಜೊತೆ ಕೈಯನ್ನೂ. ಸಡಿಲ ತೋಳು, ಕುತ್ತಿಗೆಯ ಸರ, ಉಂಗುರ, ಬಿಚ್ಚಿದ ಉದ್ದ ಕೂದಲು, ನೇತಾಡುವ ಇಯರ್‌ಫೋನ್ ವೈರು, ಇವಕ್ಕೂ ಇದೇ ಮಾತು. ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿ.

ಗ್ರೈಂಡರ್: ಇದಕ್ಕೆ ಜಾಸ್ತಿ ಸಮಯ ಕೊಡುತ್ತೇನೆ

ಸಾಮಾನ್ಯರ ಕೈಗೆ ಸುಲಭವಾಗಿ ಸಿಗುವ ಟೂಲುಗಳಲ್ಲಿ ನನಗೆ ಹೆಚ್ಚು ಭಯ ಇರುವುದು ಆಂಗಲ್ ಗ್ರೈಂಡರ್ ಬಗ್ಗೆ. ಸಣ್ಣದಾಗಿದೆ, ಹಗುರವಾಗಿದೆ, ಒಂದೇ ಕೈಯಲ್ಲಿ ಹಿಡಿಯಬಹುದು ಅನ್ನಿಸುತ್ತದೆ. 100 ಮಿ.ಮೀ. ಡಿಸ್ಕಿನ ಗ್ರೈಂಡರ್ ಸುಮಾರು 11,000 ಆರ್‌ಪಿಎಂನಲ್ಲಿ ತಿರುಗುತ್ತದೆ. ಆಗ ಡಿಸ್ಕಿನ ಅಂಚು ಓಡುವ ವೇಗ ಗಂಟೆಗೆ 200 ಕಿ.ಮೀ.ಗೂ ಜಾಸ್ತಿ. ಡಿಸ್ಕ್ ಒಡೆದರೆ ಅದರ ಚೂರು ಅದೇ ವೇಗದಲ್ಲಿ ಹೊರಡುತ್ತದೆ.

ಡಿಸ್ಕಿನ ಮೇಲೆ ಗರಿಷ್ಠ ಆರ್‌ಪಿಎಂ ಬರೆದಿರುತ್ತಾರೆ. ಸಾಮಾನ್ಯ ಕಟಿಂಗ್ ಡಿಸ್ಕಿನ ಮಿತಿ ಅಂಚಿನಲ್ಲಿ ಸೆಕೆಂಡಿಗೆ 80 ಮೀಟರ್. ಆ ಲೆಕ್ಕದಲ್ಲಿ 100 ಮಿ.ಮೀ. ಡಿಸ್ಕಿಗೆ ಸುಮಾರು 15,300, 125ಕ್ಕೆ 12,200, 230ಕ್ಕೆ 6,600 ಆರ್‌ಪಿಎಂ ಬರುತ್ತದೆ. ಡಿಸ್ಕಿನ ಸಂಖ್ಯೆ ಯಾವಾಗಲೂ ಮಷೀನಿನ ಸಂಖ್ಯೆಗಿಂತ ಜಾಸ್ತಿ ಇರಬೇಕು. ದೊಡ್ಡ ಗ್ರೈಂಡರಿನಲ್ಲಿ ಸವೆದು ಚಿಕ್ಕದಾದ 230ರ ಡಿಸ್ಕನ್ನು "ಸುಮ್ನೆ ಯಾಕೆ ಬಿಸಾಡೋದು" ಅಂತ ಸಣ್ಣ ಗ್ರೈಂಡರಿಗೆ ಹಾಕುವ ಚಾಳಿ ಇದೆ. 115, 125, 230ರ ಡಿಸ್ಕುಗಳ ತೂತು ಒಂದೇ ಅಳತೆ, ಹಾಗಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಅದು 11,000ಕ್ಕೆ ಮಾಡಿದ ಡಿಸ್ಕ್ ಆಗುವುದಿಲ್ಲ. ಆ ಡಿಸ್ಕ್ ಹಿಡಿಸಲು ಡಿಸ್ಕಿಗೆ ಮರೆಯಾಗಿರುವ ಗಾರ್ಡನ್ನೂ ಬಿಚ್ಚಿರುತ್ತಾರೆ ಅನ್ನುವುದು ಇನ್ನೂ ಕೆಟ್ಟದ್ದು.

ಡಿಸ್ಕ್ ಬದಲಿಸುವ ಕ್ರಮ ಹೀಗಿರಲಿ:

1. ಸ್ವಿಚ್ ಆಫ್ ಮಾಡುವುದಲ್ಲ, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಬ್ಯಾಟರಿಯದ್ದಾದರೆ ಬ್ಯಾಟರಿ ಹೊರತೆಗೆಯಿರಿ. ಎಷ್ಟೋ ಗಾಯ ಆಗುವುದು ಕೊಯ್ಯುವಾಗ ಅಲ್ಲ, ಬದಲಿಸುವಾಗ.
2. ಸ್ಪಿಂಡಲ್ (ಡಿಸ್ಕ್ ಕೂರುವ, ತಿರುಗುವ ದಂಡ) ಪೂರ್ತಿ ನಿಂತ ಮೇಲೆ ಮಾತ್ರ ಅದರ ಲಾಕ್ ಬಟನ್ ಒತ್ತಿ. ತಿರುಗುತ್ತಿರುವಾಗ ಒತ್ತಿದರೆ ಒಳಗಿನ ಗೇರಿನ ಹಲ್ಲು ಹಾರಬಹುದು.
3. ಹೊಸ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು, ಅಂಚಿನಲ್ಲಿ ಚಕ್ಕೆ, ಬಾಗು ಇದ್ದರೆ ಬೇಡ. ನಡುವಿನ ಲೋಹದ ಬಳೆಯ ಮೇಲೆ ಸಾಮಾನ್ಯವಾಗಿ ಆಯಸ್ಸು ಮುಗಿಯುವ ತಿಂಗಳು, ವರ್ಷ ಇರುತ್ತದೆ. ರಾಳದಿಂದ ಕಟ್ಟಿದ ಡಿಸ್ಕುಗಳಿಗೆ ಸಾಮಾನ್ಯವಾಗಿ ಮಾಡಿದ ದಿನದಿಂದ 3 ವರ್ಷ ಆಯಸ್ಸು. ತೇವ ತಾಗಿದ್ದರೆ ಅಷ್ಟೂ ಇಲ್ಲ.
4. ಫ್ಲ್ಯಾಂಜ್ (ಡಿಸ್ಕ್ ಒರಗಿ ಕೂರುವ ಲೋಹದ ಬಿಲ್ಲೆ) ಒರೆಸಿ. ಅದರ ಮೇಲೆ ಒಂದು ಕಬ್ಬಿಣದ ಪುಡಿ ಕೂತಿದ್ದರೂ ಡಿಸ್ಕ್ ವಾಲುತ್ತದೆ.
5. ಹೊರಗಿನ ನಟ್ಟಿನ ಒಂದು ಮುಖ ಉಬ್ಬಿದೆ, ಇನ್ನೊಂದು ಸಪಾಟು. ತೆಳು ಕಟಿಂಗ್ ಡಿಸ್ಕಿಗೆ ಸಾಮಾನ್ಯವಾಗಿ ಸಪಾಟು ಮುಖ ಡಿಸ್ಕಿನ ಕಡೆ ಬರುತ್ತದೆ, ದಪ್ಪ ಗ್ರೈಂಡಿಂಗ್ ಡಿಸ್ಕಿಗೆ ಉಬ್ಬಿದ ಮುಖ. ಮಷೀನಿನ ಜೊತೆ ಬಂದ ಸ್ಪ್ಯಾನರಿನಿಂದ ಬಿಗಿ ಮಾಡಿ. ಸುತ್ತಿಗೆಯಿಂದ ಬಡಿಯಬೇಡಿ.
6. ಗಾರ್ಡನ್ನು ನಿಮ್ಮ ಮತ್ತು ಡಿಸ್ಕಿನ ನಡುವೆ ಬರುವ ಹಾಗೆ ತಿರುಗಿಸಿ. ಸೈಡ್ ಹ್ಯಾಂಡಲ್ ಹಾಕಿ.
7. ಮೈಯಿಂದ ದೂರ ಹಿಡಿದು ಒಂದು ನಿಮಿಷ ಸುಮ್ಮನೆ ಓಡಿಸಿ. ಒಡೆಯುವ ಡಿಸ್ಕ್ ಸಾಮಾನ್ಯವಾಗಿ ಆಗಲೇ ಒಡೆಯುತ್ತದೆ. ನಡುಕ ಬಂದರೆ ನಿಲ್ಲಿಸಿ.

ಕೊಯ್ಯುವಾಗ ನಿಮ್ಮ ಮುಖ, ಕುತ್ತಿಗೆ ಡಿಸ್ಕ್ ತಿರುಗುವ ಗೆರೆಯಲ್ಲಿ ಇರಬಾರದು. ಒಂದು ಪಕ್ಕಕ್ಕೆ ನಿಲ್ಲಿ. ಕಿಕ್‌ಬ್ಯಾಕ್ ಬಂದರೆ ಮಷೀನು ಆ ಗೆರೆಯಲ್ಲೇ ಹಿಂದಕ್ಕೆ ಒದೆಯುತ್ತದೆ. ಒದೆಯುವುದು ಯಾವಾಗ? ಡಿಸ್ಕ್ ಎರಡು ಕಡೆಯಿಂದ ಲೋಹದ ನಡುವೆ ಸಿಕ್ಕಿಹಾಕಿಕೊಂಡಾಗ. ಪೈಪಿನ ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಕೊಯ್ದರೆ, ಕೊನೆಗೆ ಪೈಪು ತನ್ನ ಭಾರಕ್ಕೆ ಕುಸಿದು ಸೀಳು ಮುಚ್ಚಿಕೊಳ್ಳುತ್ತದೆ. ಆಗ ಡಿಸ್ಕ್ ಹಿಡಿದುಬಿಡುತ್ತದೆ. ಬದಲು ಒಂದು ಕಡೆ ವೈಸಿನಲ್ಲಿ ಬಿಗಿದು, ಕಡಿದು ಬೀಳಬೇಕಾದ ತುಂಡು ಹೊರಗೆ ನೇತಾಡಲಿ. ಸೀಳು ತೆರೆದುಕೊಳ್ಳುತ್ತಾ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಡಿಸ್ಕ್ ಲೋಹ ಮುಟ್ಟಿದಾಗ ಒಂದು ದಿಕ್ಕಿಗೆ ತಾನೇ ಓಡಲು ನೋಡುತ್ತದೆ. ಆ ದಿಕ್ಕಿಗೆ ಸಾಗಿಸಬೇಡಿ, ಅದರ ಎದುರು ದಿಕ್ಕಿಗೆ ಸಾಗಿಸಿ. ಜೊತೆಗೆ ಹೋದರೆ ಮಷೀನು ಸೀಳಿನಿಂದ ಹತ್ತಿ ಹೊರಗೆ ಓಡುತ್ತದೆ. ಎದುರು ಹೋದಾಗ ನಿಮ್ಮ ಹಿಡಿತದಲ್ಲಿ ಇರುತ್ತದೆ. ಅರ್ಧ ಕೊಯ್ದು ನಿಲ್ಲಿಸಿದರೆ ಸೀಳಿನೊಳಗೇ ಮತ್ತೆ ಆನ್ ಮಾಡಬೇಡಿ. ಹೊರಗೆ ಪೂರ್ತಿ ವೇಗ ಬರಲಿ, ಆಮೇಲೆ ಮೆಲ್ಲಗೆ ಒಳಗೆ ಇಳಿಸಿ.

1 ಮಿ.ಮೀ. ಕಟಿಂಗ್ ಡಿಸ್ಕಿನ ಪಕ್ಕದಿಂದ ಲೋಹ ಉಜ್ಜಬೇಡಿ. ಅದು ಅಂಚಿನಿಂದ ಕೊಯ್ಯಲು ಮಾತ್ರ. ಉಜ್ಜಲು 6 ಮಿ.ಮೀ. ದಪ್ಪದ ಬೇರೆ ಡಿಸ್ಕ್ ಇದೆ, ಅದನ್ನು 15ರಿಂದ 30 ಡಿಗ್ರಿ ಓರೆಯಾಗಿ ಹಿಡಿಯುತ್ತಾರೆ. ಹಾಗೆಯೇ, ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವುದು. ಇದರ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಎರಡು ಮಾತಿಲ್ಲ: ಬೇಡ. ಹಲ್ಲು ಮರದಲ್ಲಿ ಕಚ್ಚಿದಾಗ ಬರುವ ಒದೆತವನ್ನು ತಡೆಯುವ ಯಾವ ಏರ್ಪಾಡೂ ಗ್ರೈಂಡರಿನಲ್ಲಿ ಇಲ್ಲ.

ಕಿಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಥ ಕೆಲಸಕ್ಕೆ ಸುತ್ತ 35 ಅಡಿ, ಅಂದರೆ ಸುಮಾರು 11 ಮೀಟರ್ ತನಕ ಹೊತ್ತಿಕೊಳ್ಳುವ ವಸ್ತು ಇರಬಾರದು ಅನ್ನುವುದು ಬೆಂಕಿ ಸುರಕ್ಷತೆಯಲ್ಲಿ ಹಳೆಯ ನಿಯಮ. ಮರದ ಪುಡಿ, ಥಿನ್ನರ್ ಒರೆಸಿದ ಬಟ್ಟೆ, ರಟ್ಟಿನ ಡಬ್ಬ ಮೊದಲೇ ತೆಗೆಯಿರಿ. ಪುಡಿಯೊಳಗೆ ಬಿದ್ದ ಕಿಡಿ ಹೊಗೆಯಿಲ್ಲದೆ ತುಂಬಾ ಹೊತ್ತು ಕೂತಿರುತ್ತದೆ. ಕೆಲಸ ಮುಗಿಸಿ ಬಾಗಿಲು ಹಾಕಿ ಹೊರಡುವ ಬದಲು ಒಂದು ಗಂಟೆ ಬಿಟ್ಟು ಮತ್ತೆ ಒಮ್ಮೆ ನೋಡಿ.

ಡ್ರಿಲ್

ಡ್ರಿಲ್ಲಿನಲ್ಲಿ ಕೈ ಮುರಿಯುವುದು ಬಿಟ್ ಚುಚ್ಚಿ ಅಲ್ಲ, ಬಿಟ್ ಸಿಕ್ಕಿಹಾಕಿಕೊಂಡು. ಬಿಟ್ ನಿಂತಿತು, ಮೋಟಾರು ನಿಲ್ಲಲಿಲ್ಲ ಅಂದರೆ ತಿರುಗಲು ಉಳಿದದ್ದು ಮಷೀನಿನ ಮೈ, ಅದನ್ನು ಹಿಡಿದ ಮಣಿಕಟ್ಟು. ದೊಡ್ಡ ಡ್ರಿಲ್ಲಿಗೆ ಸೈಡ್ ಹ್ಯಾಂಡಲ್ ಕೊಟ್ಟಿರುವುದು ಅದಕ್ಕೆ. ಕಬ್ಬಿಣದ ಹಾಳೆಯಲ್ಲಿ ತೂತು ಆಚೆ ಬದಿಗೆ ಹೊರಬರುವ ಕ್ಷಣದಲ್ಲಿ ಬಿಟ್ ಕಚ್ಚುತ್ತದೆ. ಅಲ್ಲಿ ಒತ್ತಡ ಕಡಿಮೆ ಮಾಡಿ. ಹಾಳೆಯನ್ನು ಕೈಯಲ್ಲಿ ಹಿಡಿದು ತೂತು ಮಾಡಬೇಡಿ, ಕಚ್ಚಿದ ಹಾಳೆ ಫ್ಯಾನಿನ ರೆಕ್ಕೆಯ ಹಾಗೆ ತಿರುಗುತ್ತದೆ. ಕ್ಲ್ಯಾಂಪ್ ಹಾಕಿ.

ಲೋಹಕ್ಕೆ ವೇಗ ಕಡಿಮೆ ಇರಲಿ. ಬಿಟ್ ದಪ್ಪ ಆದಷ್ಟೂ ಇನ್ನೂ ಕಡಿಮೆ. ಮೆತು ಉಕ್ಕಿನಲ್ಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ 3 ಮಿ.ಮೀ.ಗೆ ಸುಮಾರು 2,600 ಆರ್‌ಪಿಎಂ, 6ಕ್ಕೆ 1,300, 10ಕ್ಕೆ 800. ಸೆಂಟರ್ ಪಂಚಿನಿಂದ ಗುರುತು ಮಾಡಿ, ಎರಡು ಹನಿ ಎಣ್ಣೆ ಬಿಡಿ. ದೊಡ್ಡ ತೂತಿಗೆ ಮೊದಲು ಸಣ್ಣ ಬಿಟ್. ಸುರುಳಿ ಸುರುಳಿಯಾಗಿ ಲೋಹ ಹೊರಬರುತ್ತಿದ್ದರೆ ಬಿಟ್ ಹರಿತವಾಗಿದೆ. ಬರೀ ಪುಡಿ ಮತ್ತು ಕಿರುಚುವ ಸದ್ದು ಬಂದರೆ ಅದು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಆಗ ಇನ್ನೂ ಒತ್ತಿದರೆ ಬಿಟ್ ನೀಲಿಯಾಗಿ ಹದ ಕಳೆದುಕೊಳ್ಳುತ್ತದೆ ಅಷ್ಟೇ. ನಿಲ್ಲಿಸಿ, ಸಾಣೆ ಹಿಡಿಯಿರಿ ಅಥವಾ ಬೇರೆ ಬಿಟ್ ಹಾಕಿ.

ಗೋಡೆ ಕೊರೆಯುವ ಮುಂಚೆ ಸ್ವಿಚ್ ಬೋರ್ಡ್ ಎಲ್ಲಿದೆ, ನಲ್ಲಿ ಎಲ್ಲಿದೆ ನೋಡಿ. ವೈರು, ಪೈಪು ಸಾಮಾನ್ಯವಾಗಿ ಅವುಗಳಿಂದ ನೇರ ಮೇಲೆ, ಕೆಳಗೆ ಅಥವಾ ಅಡ್ಡ ಹೋಗಿರುತ್ತವೆ. ತಿರುಗುತ್ತಲೇ ಬಡಿಯುವ ಹ್ಯಾಮರ್ ಮೋಡ್ ಕಾಂಕ್ರೀಟ್, ಇಟ್ಟಿಗೆಗೆ ಮಾತ್ರ. ಟೈಲ್ಸ್ ಮೇಲೆ ಹಾಕಿದರೆ ಬಿರುಕು ಬಿಡುತ್ತದೆ. ಚಕ್ ಕೀ (ಬಿಟ್ ಬಿಗಿ ಮಾಡುವ ಕೀಲಿ) ಇರುವ ಡ್ರಿಲ್ ಆದರೆ, ಕೀ ತೆಗೆದ ಮೇಲೆಯೇ ಪ್ಲಗ್ ಹಾಕಿ.

ಹ್ಯಾಮರ್ ಡ್ರಿಲ್ ದಿನವಿಡೀ ಹಿಡಿಯುವವರು ನಡುನಡುವೆ ಕೈಗೆ ಬಿಡುವು ಕೊಡಿ. 1918ರಲ್ಲೇ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಇಂಡಿಯಾನಾದಲ್ಲಿ ಗಾಳಿಯೊತ್ತಡದ ಸುತ್ತಿಗೆಯಿಂದ ಸುಣ್ಣಕಲ್ಲು ಕೊರೆಯುವವರ ಬೆರಳು ಚಳಿಯಲ್ಲಿ ಬಿಳಿಚಿ ಮರಗಟ್ಟುವುದನ್ನು ಗಮನಿಸಿ ದಾಖಲಿಸಿದ್ದರು. ಬೆರಳ ತುದಿ ಪದೇ ಪದೇ ಜುಮ್ಮೆನ್ನುತ್ತಿದ್ದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ.

ಸರ್ಕ್ಯುಲರ್ ಸಾ ಮತ್ತು ಮಾರ್ಬಲ್ ಕಟ್ಟರ್

ಬ್ಲೇಡಿನ ಆಳ ಹೊಂದಿಸುವುದು ಇಲ್ಲಿ ಮುಖ್ಯ. ಹಲಗೆಯ ಕೆಳಗೆ ಬ್ಲೇಡು 5-6 ಮಿ.ಮೀ. ಇಣುಕಿದರೆ ಸಾಕು. ಪೂರ್ತಿ ಇಳಿಸಿದರೆ ಕೆಳಗೆ ಕಾಣದ ಬೆರಳಿಗೂ ಅಪಾಯ, ಒದೆತವೂ ಜಾಸ್ತಿ. ಕೆಳಗಿನ ಗಾರ್ಡ್ ಸ್ಪ್ರಿಂಗಿನಿಂದ ತಾನಾಗಿ ಮುಚ್ಚಿಕೊಳ್ಳಬೇಕು. ಪ್ಲಗ್ ತೆಗೆದು ಗಾರ್ಡ್ ಎತ್ತಿ ಬಿಡಿ, ಟಕ್ ಅಂತ ವಾಪಸ್ ಬರಬೇಕು. ಮೆಲ್ಲಗೆ ಬಂದರೆ ಒಳಗೆ ಮರದ ಅಂಟು, ಪುಡಿ ತುಂಬಿದೆ, ಸ್ವಚ್ಛ ಮಾಡಿ. ಗಾರ್ಡನ್ನು ಮೇಲಕ್ಕೆ ಕಟ್ಟಿ ಕೆಲಸ ಮಾಡುವವರ ಹತ್ತಿರ ನಿಲ್ಲಲೂ ಬೇಡಿ.

ಆಧಾರದ ಲೆಕ್ಕ ಗ್ರೈಂಡರಿನದ್ದೇ: ಸೀಳು ತೆರೆದುಕೊಳ್ಳಬೇಕು. ಮರ ಸುಟ್ಟ ವಾಸನೆ, ಕೊಯ್ದ ಅಂಚಿನಲ್ಲಿ ಕಪ್ಪು ಗೆರೆ ಬಂದರೆ ಬ್ಲೇಡು ಮೊಂಡಾಗಿದೆ ಅಥವಾ ಹಲ್ಲಿಗೆ ರಾಳ ಮೆತ್ತಿದೆ. ಎಷ್ಟೋ ಸಲ ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಶ್ಶಿನಿಂದ ಉಜ್ಜಿದರೆ ಬ್ಲೇಡು ಮತ್ತೆ ಚೆನ್ನಾಗಿ ಕೊಯ್ಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಮಷೀನಿಗೆ ಹಾಕಿ.

ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕಿ ಪ್ಲೈವುಡ್ ಕೊಯ್ಯುವುದು ತುಂಬಾ ಕಡೆ ಕಾಣುತ್ತದೆ. ಅಗ್ಗ, ಹಗುರ, ಕೆಲಸವೂ ಆಗುತ್ತದೆ, ನಿಜ. ಆದರೆ ಅದು ಕಲ್ಲಿಗೆ ಅಂತ ಮಾಡಿದ ಟೂಲ್. ತಾನಾಗಿ ಮುಚ್ಚುವ ಕೆಳಗಾರ್ಡ್ ಅದರಲ್ಲಿ ಇಲ್ಲ. ಸ್ವಿಚ್ ಬಿಟ್ಟ ಮೇಲೂ ತಿರುಗುತ್ತಿರುವ ಬರೀ ಬ್ಲೇಡನ್ನು ತೊಡೆಯ ಪಕ್ಕ ಇಳಿಸುತ್ತೀರಿ. ಆಗಾಗ ಮರ ಕೊಯ್ಯುವ ಕೆಲಸ ಇದ್ದರೆ ಸರ್ಕ್ಯುಲರ್ ಸಾ ಕೊಳ್ಳಿ.

ಏನಾದರೂ ಆಗಿಬಿಟ್ಟರೆ

ಶಾಕ್ ಹೊಡೆದವರನ್ನು ಮುಟ್ಟಬೇಡಿ, ಮೊದಲು ಪ್ಲಗ್ ಕೀಳಿ ಅಥವಾ ಮೇನ್ ಆಫ್ ಮಾಡಿ. ಕಣ್ಣಿಗೆ ಲೋಹದ ಚೂರು ಚುಚ್ಚಿದರೆ ಉಜ್ಜಬೇಡಿ, ಕೀಳಲೂ ಹೋಗಬೇಡಿ. ಒತ್ತಡ ಬೀಳದಂತೆ ಮರೆ ಮಾಡಿ ಆಸ್ಪತ್ರೆಗೆ ಹೋಗಿ. ಬೆರಳು ತುಂಡಾದರೆ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ಕೈ ಎತ್ತರದಲ್ಲಿ ಇಡಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಚೀಲದಲ್ಲಿ ಇಡಿ. ತುಂಡು ನೇರವಾಗಿ ಐಸಿಗೆ ತಾಗಬಾರದು, ತಾಗಿದರೆ ಜೋಡಿಸಲು ಕಷ್ಟ.

ಆರೈಕೆ: ಮೋಟಾರಿನ ಒಳಗೆ ಏನಾಗುತ್ತದೆ

ಪ್ರತಿ ಸಲ ಕೆಲಸ ಮುಗಿದ ಮೇಲೆ ಎರಡು ನಿಮಿಷ ಸಾಕು. ಗಾಳಿಕಿಂಡಿಯ ಧೂಳನ್ನು ಒಣ ಬ್ರಶ್ಶಿನಿಂದ ತೆಗೆಯಿರಿ. ಆಮೇಲೆ ಲೋಡಿಲ್ಲದೆ ಕೆಲವು ಸೆಕೆಂಡ್ ಓಡಿಸಿ, ಒಳಗಿನ ಫ್ಯಾನ್ ಉಳಿದದ್ದನ್ನು ಊದುತ್ತದೆ. ಗ್ರೈಂಡರಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಕಬ್ಬಿಣದ ಪುಡಿ ಕರೆಂಟು ಹಾಯಿಸುತ್ತದೆ. ಕಂಪ್ರೆಸರ್ ಗಾಳಿ ಬಳಸುವುದಾದರೆ ಒತ್ತಡ ಕಡಿಮೆ ಇಡಿ, ಗಾಗಲ್ಸ್ ಹಾಕಿ. ಪೆಟ್ರೋಲ್, ಥಿನ್ನರ್ ಹಾಕಿ ಮೈ ಒರೆಸಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ವೈರು ಕೆಡುವುದು ಹೆಚ್ಚಾಗಿ ಎರಡು ಜಾಗದಲ್ಲಿ: ಪ್ಲಗ್ಗಿನ ಹತ್ತಿರ ಮತ್ತು ಮಷೀನಿನೊಳಗೆ ಹೋಗುವ ಕುತ್ತಿಗೆಯಲ್ಲಿ. ಅಲ್ಲಿ ಬಾಗಿಸಿ ನೋಡಿ. ಬಾಗಿಸಿದಾಗ ಮಷೀನು ನಿಂತು ನಿಂತು ಓಡಿದರೆ ಒಳಗೆ ಎಳೆ ತುಂಡಾಗಿದೆ. ಟೇಪ್ ಸುತ್ತುವುದು ರಿಪೇರಿ ಅಲ್ಲ. ಆ ತುಂಡು ಕತ್ತರಿಸಿ ಹೊಸದಾಗಿ ಜೋಡಿಸಿ ಅಥವಾ ಪೂರ್ತಿ ವೈರು ಬದಲಿಸಿ. ವೈರು ಹಿಡಿದು ಟೂಲನ್ನು ನೇತಾಡಿಸುವುದೇ ಈ ರೋಗಕ್ಕೆ ಮೂಲ.

ಕಾರ್ಬನ್ ಬ್ರಶ್ಶನ್ನು ನೀವೇ ಬದಲಿಸಬಹುದು. ಆರ್ಮೇಚರಿಗೆ (ಮೋಟಾರಿನೊಳಗೆ ತಿರುಗುವ ಭಾಗಕ್ಕೆ) ಕರೆಂಟು ಮುಟ್ಟಿಸುವ ಎರಡು ಇಂಗಾಲದ ತುಂಡುಗಳು ಇವು, ಸವೆಯುವುದಕ್ಕೇ ಹುಟ್ಟಿದವು. ಗಾಳಿಕಿಂಡಿಯಲ್ಲಿ ಜೋರು ಕಿಡಿ, ಶಕ್ತಿ ಕಡಿಮೆ, ತಟ್ಟಿದರೆ ಓಡುವುದು, ಇವು ಲಕ್ಷಣ. ಪ್ಲಗ್ ತೆಗೆದು, ಪಕ್ಕದ ಎರಡು ಮುಚ್ಚಳ ಬಿಚ್ಚಿ ಹೊರತೆಗೆಯಿರಿ. ಬ್ರಶ್ಶಿನ ಮೇಲಿನ ಸವೆತದ ಗೆರೆ ತನಕ ಬಂದಿದ್ದರೆ, ಗೆರೆ ಇಲ್ಲದಿದ್ದರೆ 5-6 ಮಿ.ಮೀ. ಉಳಿದಿದ್ದರೆ, ಬದಲಿಸಿ. ಯಾವಾಗಲೂ ಎರಡನ್ನೂ ಜೊತೆಗೆ. ಆ ಮಾಡೆಲ್ಲಿನದೇ ಬ್ರಶ್ ಹಾಕಿ, ಉಜ್ಜಿ ಉಜ್ಜಿ ಬೇರೆಯದನ್ನು ಕೂರಿಸಬೇಡಿ. ಹಾಕಿದ ಮೇಲೆ ಲೋಡಿಲ್ಲದೆ ಐದು ಹತ್ತು ನಿಮಿಷ ಓಡಿಸಿ, ಬ್ರಶ್ಶಿನ ಮುಖ ಆರ್ಮೇಚರಿನ ಉರುಟಿಗೆ ಹೊಂದಿಕೊಳ್ಳುತ್ತದೆ. ಹೊಸ ಬ್ರಶ್ ಹಾಕಿದರೂ ಸುತ್ತಲೂ ಬೆಂಕಿಯ ಉಂಗುರದಂತೆ ಕಿಡಿ ಬಂದರೆ ಆರ್ಮೇಚರೇ ಹೋಗಿದೆ, ಅದು ಮೆಕ್ಯಾನಿಕ್ಕಿನ ಕೆಲಸ. ಬ್ರಶ್‌ಲೆಸ್ ಟೂಲುಗಳಲ್ಲಿ ಈ ತಾಪತ್ರಯವೇ ಇಲ್ಲ.

ಗೇರ್ ಬಾಕ್ಸಿನಲ್ಲಿ ಗ್ರೀಸ್ ಕಪ್ಪಾಗಿ ಗಟ್ಟಿಯಾದರೆ ಸದ್ದು ಒರಟಾಗುತ್ತದೆ. ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ, ಆದರೆ ತುಂಬಿಸಬೇಡಿ. ಜಾಸ್ತಿಯಾದ ಗ್ರೀಸ್ ಬಿಸಿಯಾಗಿ ಮೋಟಾರಿನ ಕಡೆ ಹರಿಯುತ್ತದೆ. ಎಸ್‌ಡಿಎಸ್ ಬಿಟ್ಟಿನ (ಹ್ಯಾಮರ್ ಡ್ರಿಲ್ಲಿಗೆ ತಳ್ಳಿ ಸಿಕ್ಕಿಸುವ ಬಿಟ್) ಬಾಲಕ್ಕೆ ಪ್ರತಿ ಸಲ ಒಂದು ಚಿಟಿಕೆ ಗ್ರೀಸ್ ಹಚ್ಚಿ ಹಾಕಿ.

ಬ್ಯಾಟರಿ ಟೂಲಿಗೆ ಬೇರೆ ಪಥ್ಯ. 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಅಂತ ಬರೆದ ಎರಡರಲ್ಲೂ ಸಾಮಾನ್ಯವಾಗಿ ಇರುವುದು ಸಾಲಾಗಿ ಜೋಡಿಸಿದ 5 ಲಿಥಿಯಂ ಸೆಲ್. ಒಂದು ಸರಾಸರಿ ವೋಲ್ಟೇಜು ಹೇಳುತ್ತದೆ, ಇನ್ನೊಂದು ಆಗತಾನೇ ಚಾರ್ಜ್ ಆದಾಗಿನದ್ದು. 20 ಅಂದರೆ ಶಕ್ತಿ ಜಾಸ್ತಿ ಅಂತ ಮೋಸ ಹೋಗಬೇಡಿ. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಇಡಬೇಡಿ, ತಣ್ಣಗಾಗಲಿ. 0 ಡಿಗ್ರಿಗಿಂತ ಕೆಳಗೂ ಚಾರ್ಜ್ ಬೇಡ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿ ಇಡಿ. ಫುಲ್ ಮಾಡಿ ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಬಿಟ್ಟರೆ ಬೇಗ ಮುಪ್ಪಾಗುತ್ತದೆ. ಮೊಳೆ, ಸ್ಕ್ರೂ ಇರುವ ಡಬ್ಬದಲ್ಲಿ ಬರೀ ಬ್ಯಾಟರಿ ಹಾಕಬೇಡಿ, ಟರ್ಮಿನಲ್ ಶಾರ್ಟ್ ಆದರೆ ಬೆಂಕಿ ಹೊತ್ತಬಹುದು. ಉಬ್ಬಿದ, ಒಡೆದ, ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್ ಮಾಡಿ ನೋಡುವ ಆಸೆ ಬೇಡ.

ಟೂಲನ್ನು ಬೇರೆಯವರಿಗೆ ಕೊಡುವಾಗ

ಟೂಲ್ ಇದೆ ಅಂತ ಗೊತ್ತಾದರೆ ಕೇಳುವವರು ಬಂದೇ ಬರುತ್ತಾರೆ. ಕೊಡುವುದಾದರೆ ಗಾರ್ಡ್, ಸೈಡ್ ಹ್ಯಾಂಡಲ್, ಸ್ಪ್ಯಾನರ್ ಮೂರನ್ನೂ ಹಾಕಿಯೇ ಕೊಡಿ, ಗಾಗಲ್ಸ್ ಜೊತೆಗಿಡಿ. ಏನು ಕೊಯ್ಯುತ್ತೀರಿ ಅಂತ ಕೇಳಿ, ಅದಕ್ಕೆ ಸರಿಯಾದ ಡಿಸ್ಕ್ ನೀವೇ ಹಾಕಿಕೊಡಿ. ವಾಪಸ್ ಬಂದಾಗ ಅದರಲ್ಲಿದ್ದ ಡಿಸ್ಕನ್ನು ಬಿಚ್ಚಿ ಬಿಸಾಡಿ. ಅದು ಕೆಳಗೆ ಬಿದ್ದಿತ್ತೋ ಇಲ್ಲವೋ ನಿಮಗೆ ಗೊತ್ತಿಲ್ಲ, ತಂದುಕೊಟ್ಟವರು ಹೇಳುವುದೂ ಇಲ್ಲ. ವೈರಿನ ಕುತ್ತಿಗೆ ಒಮ್ಮೆ ಬಾಗಿಸಿ ನೋಡಿ, ಲೋಡಿಲ್ಲದೆ ಓಡಿಸಿ ಸದ್ದು ಕೇಳಿ, ಆಮೇಲೆ ಒಳಗಿಡಿ.